ಕ್ಯಾರಲ್ ಹಾಡಿನ ಎರಡನೆಯ ದನಿ

ಠಾಣೆ ನಗರದಲ್ಲಿ, ಕಾರ್ಖಾನೆಗಳ ಪ್ರದೇಶವಾದ ವಾಗ್ಳೆ ಎಸ್ಟೇಟ್‌ನಿಂದ ನಡೆದು ಹೋಗುವಷ್ಟು ದೂರದ ಒಂದು ಕಾನ್ವೆಂಟ್ ಶಾಲೆಯಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಸಂಗೀತದ ಟೀಚರ್ ಆಗಿದ್ದೆ. ನಿವೃತ್ತಿಯ ದಿನ ಹೊದಿಸಿದ ಶಾಲು, ಮಾಡಿದ ಭಾಷಣ ಇವುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ನವೆಂಬರ್ ಬಂತೆಂದರೆ ನನಗೆ ಫೋನ್ ಮಾಡುತ್ತಾರೆ. "ಮೇಡಂ, ಕ್ರಿಸ್‌ಮಸ್‌ಗೆ ಕ್ಯಾರಲ್ ಮಾಡಿಸಬೇಕಂತೆ. ಎಲ್ಲಿಂದ ಶುರು ಮಾಡೋದು?" ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಲ್ಲಿಂದ ಶುರು ಮಾಡಬಾರದು ಎನ್ನುವುದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ನಾನು ಅಲ್ಲಿಂದಲೇ ಶುರು ಮಾಡಿದ್ದೆ.

ನಾವು ಉಡುಪಿ ಕಡೆಯವರು. ಅಪ್ಪ ಡೊಂಬಿವಲಿ ಸ್ಟೇಷನ್ ಬಳಿಯ ಒಂದು ಸಸ್ಯಾಹಾರಿ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ನಾನು ಅಲ್ಲೇ ಒಬ್ಬ ಮರಾಠಿ ಗುರುಗಳ ಹತ್ತಿರ ಹಿಂದೂಸ್ತಾನಿ ಗಾಯನ ಕಲಿತೆ. ಹಾರ್ಮೋನಿಯಂ ನುಡಿಸಲು ಬರುತ್ತಿತ್ತು. ಅಷ್ಟೇ ನನ್ನ ಬಂಡವಾಳ. ಜೂನ್‌ನಲ್ಲಿ ಕೆಲಸಕ್ಕೆ ಸೇರಿದಾಗ ಪ್ರಾರ್ಥನೆ, ಸ್ವಾಗತಗೀತೆ, ದೇಶಭಕ್ತಿಗೀತೆ ಎಂದು ದಿನ ಸಾಗಿತು. ನವೆಂಬರ್‌ನಲ್ಲಿ ಪ್ರಿನ್ಸಿಪಾಲ್ ಸಿಸ್ಟರ್ ಬೆನಡಿಕ್ಟಾ ಕರೆದರು. ಅವರು ಮಂಗಳೂರಿನವರು. ಆಫೀಸಿನಲ್ಲಿ ಬೇರೆ ಯಾರೂ ಇಲ್ಲದಿದ್ದರೆ ನನ್ನೊಡನೆ ಊರಿನ ಕನ್ನಡದಲ್ಲೇ ಮಾತಾಡುತ್ತಿದ್ದರು.

"ನಲವತ್ತು ಮಕ್ಕಳನ್ನು ಆರಿಸಿ, ಐದು ಕ್ಯಾರಲ್ ಕಲಿಸಿ ಮಾರಾಯ್ರೆ. ಕ್ಯಾಸೆಟ್ ಉಂಟು, ಪದ್ಯದ ಪುಸ್ತಕ ಉಂಟು."

"ಸಿಸ್ಟರ್, ನನಗೆ ಅದೆಲ್ಲ ಗೊತ್ತಿಲ್ಲ. ನಾನು ಚರ್ಚಿನ ಒಳಗೇ ಹೋದವಳಲ್ಲ."

"ಹೋಗುದು ಎಂತಕ್ಕೆ? ಕಿವಿ ಉಂಟಲ್ಲ, ಕೇಳಿ."

ಮನೆಗೆ ತಂದು ಕೇಳಿದೆ. ಕ್ಯಾಸೆಟ್ಟಿನಲ್ಲಿ ಒಂದೇ ಹಾಡಿಗೆ ಮೂರು ನಾಲ್ಕು ದನಿಗಳು ಬೇರೆ ಬೇರೆ ಸ್ವರದಲ್ಲಿ ಹೋಗುತ್ತಿದ್ದವು. ರೆಕಾರ್ಡಿಂಗ್ ಹಾಳಾಗಿದೆ ಎಂದುಕೊಂಡೆ. ನನ್ನ ಕಲಿಕೆಯಲ್ಲಿ ಹತ್ತು ಜನ ಕೂತು ಹಾಡಿದರೂ ಸ್ವರ ಒಂದೇ. ಷಡ್ಜದಲ್ಲಿ ನಿಂತರೆ ಎಲ್ಲರೂ ಷಡ್ಜದಲ್ಲಿ. ಪಕ್ಕದವಳು ಗಾಂಧಾರದಲ್ಲಿದ್ದರೆ ಅವಳು ಬೇಸುರ, ಅಂದರೆ ಅಪಸ್ವರ. ಹಾಗಾಗಿ ಎಲ್ಲಕ್ಕಿಂತ ಮೇಲೆ ಕೇಳುತ್ತಿದ್ದ ದನಿಯನ್ನು ಹಿಡಿದು ಸರಿಗಮದಲ್ಲಿ ಬರೆದುಕೊಂಡೆ. ನಲವತ್ತು ಹುಡುಗಿಯರಿಗೂ ಅದನ್ನೇ ಕಲಿಸಿದೆ. ಅಮ್ಮ ಒಗ್ಗರಣೆ ಹಾಕುತ್ತಾ, "ಇದೆಂತ ರಾಗವೇ? ಮಗು ಮಲಗಿಸುವ ಹಾಗೆ ಉಂಟು" ಎಂದರು. ಅದು ನಿಜವಾಗಿಯೂ ಮಗುವನ್ನು ಮಲಗಿಸುವ ಹಾಡೇ ಎಂದು ಹೇಳಿದಾಗ ಅವರಿಗೂ ಕುತೂಹಲವಾಯಿತು. "ಯಾರ ಮಗು? ಮತ್ತೆ?" ಎಂದು ಒಲೆ ಸಣ್ಣದು ಮಾಡಿ ಕೇಳಿದರು.

ಎಂಟನೆಯ ತರಗತಿಯಲ್ಲಿ ಅನಿಟಾ ಎಂಬ ಹುಡುಗಿಯಿದ್ದಳು. ತಗ್ಗಿನ, ಗಟ್ಟಿಯಾದ ದನಿ. ಐದು ಹಾಡುಗಳಲ್ಲಿ ಒಂದು ಬಹಳ ನಿಧಾನದ್ದು, ಅಷ್ಟೇನೂ ಪ್ರಚಾರದಲ್ಲಿ ಇಲ್ಲದ ಹಾಡು. ಅದು ಶುರುವಾದ ಕೂಡಲೇ ಅವಳು ಎಲ್ಲರನ್ನೂ ಬಿಟ್ಟು ಕೆಳಗೆ ಬೇರೆ ದಾರಿ ಹಿಡಿಯುತ್ತಿದ್ದಳು. ಎರಡು ಸಲ ತಿದ್ದಿದೆ. ಮೂರನೆಯ ಸಲ, ಎಲ್ಲರ ಎದುರಿಗೇ, "ನಿನಗೆ ಸುರ್ ಹಿಡಿಯಲು ಬರುವುದಿಲ್ಲ. ಸಾಲಿನಲ್ಲಿ ನಿಲ್ಲು, ಆದರೆ ಬರೀ ತುಟಿ ಆಡಿಸು" ಎಂದೆ. ಅವಳು ಎರಡು ವಾರ ಸರಿಯಾಗಿ ತುಟಿ ಆಡಿಸಿದಳು. ತುಂಬ ವಿಧೇಯಳು ಎಂದುಕೊಂಡೆ.

ಕಾರ್ಯಕ್ರಮಕ್ಕೆ ಹತ್ತು ದಿನ ಇರುವಾಗ, ಅಭ್ಯಾಸ ಕೇಳಲು ಸಿಸ್ಟರ್ ಕರೆಸಿದ ಹಿಲರಿ ಸರ್ ಬಂದರು. ವಾಗ್ಳೆ ಎಸ್ಟೇಟ್‌ನ ಒಂದು ಕಾರ್ಖಾನೆಯಲ್ಲಿ ಲೇಥ್ ಮೆಷಿನ್ ನಡೆಸಿ ನಿವೃತ್ತರಾದವರು. ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಅವರೂ ಮಂಗಳೂರು ಕಡೆಯವರೇ. ಬಲಗೈಯ ಉಂಗುರದ ಬೆರಳು ಅರ್ಧ ಇರಲಿಲ್ಲ. ಒಂದು ಹಾಡು ಕೇಳಿ ಕೈಯೆತ್ತಿ ನಿಲ್ಲಿಸಿದರು.

"ಚೆಂದ ಉಂಟು. ಸೆಕೆಂಡ್ಸ್ ಯಾರು ಹೇಳುದು?"

"ಸೆಕೆಂಡ್ಸ್ ಅಂದರೆ?"

ಅವರು ನನ್ನ ಮುಖ ನೋಡಿದರು. ನಗಲಿಲ್ಲ. "ಎರಡನೇ ದನಿ. ನಾನು ಹೋದ ತಿಂಗಳು ಸಿಸ್ಟರನ್ನು ನೋಡ್ಲಿಕ್ಕೆ ಬಂದಾಗ ವರಾಂಡದಲ್ಲಿ ಕೇಳಿದ್ದೇನೆ. ಒಬ್ಬಳು ಹುಡುಗಿ ಎಷ್ಟು ಕ್ಲೀನ್ ಆಗಿ ಸೆಕೆಂಡ್ಸ್ ಹಿಡಿದಿದ್ದಳು! ಅವಳು ಎಲ್ಲಿ?"

ಅನಿಟಾಳನ್ನು ಮುಂದೆ ಕರೆದೆ. ಹಿಲರಿ ಸರ್ ಹಾರ್ಮೋನಿಯಂನಲ್ಲಿ ಆ ನಿಧಾನದ ಹಾಡು ನುಡಿಸಿದರು. ಅವಳು ಬಾಯಿ ತೆರೆದಳು, ದನಿ ಬರಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಮಿಸ್, ಆವಾಜ್ ನಿಕಾಲೂಂ ಕ್ಯಾ?"

ದನಿ ತೆಗೆಯಲಾ ಎಂದು ಒಂದು ಮಗು ಸಂಗೀತದ ಟೀಚರನ್ನು ಕೇಳುತ್ತಿತ್ತು. ನಲವತ್ತು ಜನರ ಎದುರಿಗೆ ಬೈದಿದ್ದೆ, ನಲವತ್ತು ಜನರ ಎದುರಿಗೇ ಹೇಳಬೇಕಾಯಿತು. "ತಪ್ಪು ನನ್ನದು ಅನಿಟಾ. ನೀನು ಸರಿಯಾಗೇ ಹಾಡುತ್ತಿದ್ದೆ. ನನಗೆ ಗೊತ್ತಿರಲಿಲ್ಲ." ಅವಳು ಹಾಡಿದಳು. ಉಳಿದವರು ಮೇಲಿನದ್ದನ್ನು ಹಾಡಿದರು. ಅವರು ಪಂಚಮದಲ್ಲಿ ನಿಂತಾಗ ಇವಳು ಗಾಂಧಾರದಲ್ಲಿ. ನಾನು ಬೇಸುರ ಎಂದುಕೊಂಡಿದ್ದ ಸ್ವರ ಮೇಲಿನದ್ದರ ಕೆಳಗೆ ಬಂದು ನಿಂತಿತು, ಕೋಣೆಯೇ ಒಂದಿಷ್ಟು ದೊಡ್ಡದಾದ ಹಾಗೆ ಕೇಳಿಸಿತು. ಮೊದಲ ಸಾಲಿನ ಪುಟ್ಟ ಹುಡುಗಿಯರು ಹಾಡುವುದನ್ನು ಬಿಟ್ಟು ಹಿಂದೆ ತಿರುಗಿ ನೋಡಿದರು.

ಆ ಮೇಲೆ ಅವಳಿಂದ ತಿಳಿದ ಸಂಗತಿ ಇದು. ಅವಳ ಮನೆಮಾತು ಮರಾಠಿ, ಅವರ ಚರ್ಚಿನಲ್ಲಿ ಹಾಡುವುದೂ ಮರಾಠಿಯಲ್ಲಿ. ಈ ಇಂಗ್ಲಿಷ್ ಹಾಡು ಅವಳಿಗೆ ಬಂದದ್ದು ಅಜ್ಜಿಯಿಂದ. ಅಜ್ಜ ಅಜ್ಜಿ ಪ್ರಾಯದಲ್ಲಿದ್ದಾಗ ಒಂದು ಗುಂಪಿನಲ್ಲಿ, ಆಮೇಲೆ ಮನೆಯಲ್ಲೂ ಹಾಡುತ್ತಿದ್ದರು. ಅಜ್ಜ ಮೇಲಿನ ದನಿ, ಅಜ್ಜಿ ಎರಡನೆಯದು. ಅನಿಟಾ ಎರಡು ವರ್ಷದವಳಿದ್ದಾಗ ಅಜ್ಜ ತೀರಿಕೊಂಡರು. ಅಜ್ಜಿ ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ತನ್ನ ಪಾಲಿನ ದನಿಯನ್ನಷ್ಟೇ ಹಾಡುತ್ತಿದ್ದರು. ಮಗು ಅದನ್ನೇ ಹಾಡೆಂದು ಕಲಿತಿತ್ತು. ಅದರ ಮೇಲೆ ಇನ್ನೊಂದು ದನಿ ಇದೆಯೆಂದು ಅವಳಿಗೆ ಗೊತ್ತಾದದ್ದೇ ನನ್ನ ಕ್ಲಾಸಿನಲ್ಲಿ. ಎಲ್ಲರೂ ಬೇರೆ ಹಾಡುತ್ತಿದ್ದಾರೆ, ತಾನೇ ತಪ್ಪು ಕಲಿತಿರಬೇಕು ಎಂದುಕೊಂಡು ಅವಳು ಸುಮ್ಮನಾಗಿದ್ದಳು.

ಕಾರ್ಯಕ್ರಮಕ್ಕೆ ಅಜ್ಜಿಯನ್ನು ಕರೆತರಲು ಹೇಳಿದೆ. ಮೂರನೆಯ ಸಾಲಿನಲ್ಲಿ ಹತ್ತಿ ಸೀರೆ ಉಟ್ಟ ಸಣ್ಣ ಹೆಂಗಸು. ಆ ಹಾಡು ಬಂದಾಗ ಅವರು ಒಂದು ಶಬ್ದವನ್ನೂ ಹಾಡಲಿಲ್ಲ, ಕಣ್ಣು ಮುಚ್ಚಿ ಕೂತಿದ್ದರು. ಮುಗಿದ ಮೇಲೆ ನನ್ನ ಕೈ ಹಿಡಿದು ಮರಾಠಿಯಲ್ಲಿ ಹೇಳಿದರು: "ಹನ್ನೊಂದು ವರ್ಷವಾಯಿತು ಟೀಚರ್, ಮೇಲಿನ ದನಿ ಕೇಳಿ. ನನ್ನದು ಇದಕ್ಕೆ ಸೇರುವಂಥದ್ದು ಅನ್ನೋದೇ ಮರೆತುಹೋಗಿತ್ತು."

ಅಲ್ಲಿಂದ ನನಗೆ ಒಂದು ಪ್ರಶ್ನೆ ಹತ್ತಿಕೊಂಡಿತು. ಜನ ಇದನ್ನು ಏಕೆ ಹಾಡುತ್ತಾರೆ? ನಮ್ಮಲ್ಲಿ ಹಾಡುವವರು ಒಬ್ಬರು, ಕೇಳುವವರು ನೂರು ಜನ. ಇಲ್ಲಿ ಒಬ್ಬೊಬ್ಬರಿಗೆ ಅರ್ಧ ಹಾಡೂ ಸಿಗುವುದಿಲ್ಲ. ಎರಡನೆಯ ದನಿಯ ಸಾಲನ್ನಷ್ಟೇ ಹಾಡಿ ನೋಡಿ, ಗ ಗ ಗ ಮ ಗ ಎಂದು ಒಂದೇ ಕಡೆ ಕುಂಟುತ್ತಿರುತ್ತದೆ. "ಮಿಸ್, ಹಮಾರಾ ತೋ ಗಾನಾ ಹೀ ನಹೀ ಹೈ" ಎಂದು, ನಮ್ಮದು ಹಾಡೇ ಅಲ್ಲವೆಂದು, ಪ್ರತಿ ವರ್ಷವೂ ಎರಡನೆಯ ದನಿಯ ಹುಡುಗಿಯರು ದೂರುತ್ತಿದ್ದರು. ಆದರೂ ಮುಂದಿನ ವರ್ಷ ಮತ್ತೆ ಅದೇ ಸಾಲಿನಲ್ಲಿ ನಿಲ್ಲಲು ಜಗಳವಾಡುತ್ತಿದ್ದರು. ಇದೇನು ಸೆಳೆತ?

ಶನಿವಾರ ಮಧ್ಯಾಹ್ನ ಹಿಲರಿ ಸರ್ ಹತ್ತಿರ ಕಲಿಯಲು ಹೋಗತೊಡಗಿದೆ. ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿಯನ್ನು ಮೂವತ್ತೊಂದನೆಯ ವಯಸ್ಸಿನಲ್ಲಿ ಅ ಆ ಇ ಈ ಎಂದು ಓದಿದೆ. ಅವರು ಆರ್ಗನ್ ನುಡಿಸುವಾಗ ನಡುನಡುವೆ ಒಂದೊಂದು ಸ್ವರವನ್ನು ಬಾಯಲ್ಲಿ ಹಾಡುತ್ತಿದ್ದರು. ಮೊದಲು ಅಭ್ಯಾಸಬಲ ಎಂದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

"ಬೆರಳು ಮೆಷಿನ್‌ಗೆ ಹೋಯ್ತಲ್ಲ, ಅದು ಒತ್ತಬೇಕಾದ ಸ್ವರ ನಾನು ಹಾಡುದು," ಎಂದರು. "ಬಿಟ್ಟರೂ ಯಾರಿಗೂ ಗೊತ್ತಾಗುದಿಲ್ಲ. ಆದ್ರೆ ಎಲ್ಲರಿಗೂ ಎಂತದೋ ಕಮ್ಮಿ ಆಯ್ತು ಅಂತ ಕಾಣ್ತದೆ."

ನಂತರದ ವರ್ಷಗಳಲ್ಲಿ ನನ್ನದೇ ಒಂದು ಪದ್ಧತಿ ಮಾಡಿಕೊಂಡೆ. ಪ್ರತಿಯೊಂದು ದನಿಯನ್ನೂ ಸರಿಗಮದಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ ಬರೆದು ಬೇರೆ ಬೇರೆ ಕೋಣೆಯಲ್ಲಿ ಕಲಿಸುವುದು, ಆಮೇಲೆ ಸೇರಿಸುವುದು. ಹೊಸಬರಿಗೆ ಒಂದು ಮಾತು. ಕೆಳಗಿನ ದನಿಯನ್ನು ಮೊದಲು ಕಲಿಸಿ. ಮೇಲಿನದ್ದನ್ನು ಮೊದಲು ಕೇಳಿಸಿದರೆ ಎಲ್ಲರೂ ಅದರ ಹಿಂದೆಯೇ ಓಡುತ್ತಾರೆ. ಇನ್ನೊಂದು: ಯಾವ ಮಗುವಿಗೂ ತುಟಿ ಮಾತ್ರ ಆಡಿಸು ಎನ್ನಬೇಡಿ.

ಇಷ್ಟು ಬಂದ ಮೇಲೆ ನನಗೆ ಸ್ವಲ್ಪ ಅಹಂಕಾರವೂ ಬಂತು. ಎರಡನೆಯ ತಪ್ಪು ಅದರಿಂದಲೇ ಆಯಿತು.

ನಮ್ಮ ಶಾಲೆಯಲ್ಲಿ ಸುಂದ್ರಮ್ಮ ಎಂಬ ಆಯಾ ಇದ್ದರು. ಎಲ್ಲರೂ ಅವರನ್ನು ಮಾವಶಿ, ಎಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಕಲಬುರಗಿ ಕಡೆಯವರು, ಮುಂಬ್ರಾದ ಗುಡ್ಡದ ಬದಿಯ ಚಾಳಿನಲ್ಲಿ ಮನೆ. ಗಂಡ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದ. ಅವರು ಕ್ರೈಸ್ತರು ಎಂದು ನನಗೆ ತಿಳಿದದ್ದು ಕ್ಯಾರಲ್ ಅಭ್ಯಾಸದ ಹೊತ್ತಿಗೆ ಅವರು ಪೊರಕೆ ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಿದ್ದುದರಿಂದ.

"ನಮ್ ಮಂದೀನೂ ಹಾಡ್ತೀವ್ರಿ ಟೀಚರ್. ಕನ್ನಡದಾಗ. ಬರ್ರಿ ಒಮ್ಮೆ," ಎಂದು ಕರೆದರು.

ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಹೋದೆ. ಮೂವತ್ತು ಜನ, ಒಂದು ಢೋಲಕ್, ಎರಡು ಜೊತೆ ತಾಳ. ಮೆಟ್ಟಿಲು ಮೆಟ್ಟಿಲು ಹತ್ತಿ ಮನೆ ಮನೆ ಮುಂದೆ ಹಾಡುತ್ತಾ ಹೋಗುವುದು. ಸುಂದ್ರಮ್ಮ ಒಂದು ಸಾಲು ಎತ್ತಿದರೆ ಉಳಿದವರು ಅದನ್ನೇ ತಿರುಗಿ ಹಾಡುವುದು. ದನಿ ಒಂದೇ, ಎಲ್ಲರೂ ಒಂದೇ ಸ್ವರದಲ್ಲಿ, ಒಳ್ಳೆಯ ಗಟ್ಟಿಯಾಗಿ. ಕೇಳಲು ನನಗೆ ಭಜನೆಯ ಹಾಗೆಯೇ ಇತ್ತು. ಹೋಟೆಲಿನ ಮೇಲಿನ ಕೋಣೆಯಲ್ಲಿ ಅಪ್ಪನ ಸಹೋದ್ಯೋಗಿಗಳು ಶನಿವಾರ ಹಾಡುತ್ತಿದ್ದುದು ನೆನಪಾಯಿತು. ಆದರೆ ನನಗೆ ಆ ಹೊತ್ತಿಗೆ ಎರಡು ದನಿಯ ಹುಚ್ಚು. ಇಷ್ಟು ಒಳ್ಳೆಯ ಕಂಠಗಳು ಸುಮ್ಮನೆ ಒಂದೇ ಕಡೆ ಹೋಗುತ್ತಿವೆಯಲ್ಲ ಎನಿಸಿತು.

"ನಾನು ನಿಮಗೆ ಸೆಕೆಂಡ್ಸ್ ಕಲಿಸುತ್ತೇನೆ," ಎಂದೆ. ಸುಂದ್ರಮ್ಮನಿಗೆ ಟೀಚರ್ ತಮ್ಮ ಮನೆಗೆ ಬರುತ್ತಾರೆಂಬ ಖುಷಿ. ಮುಂದಿನ ವರ್ಷ ನವೆಂಬರಿನಲ್ಲಿ ಮೂರು ಭಾನುವಾರ ಅವರನ್ನು ಎರಡು ಗುಂಪು ಮಾಡಿ ಕೂರಿಸಿ ಕಲಿಸಿದೆ. ಅವರು ಕಷ್ಟಪಟ್ಟು ಕಲಿತರು. ಡಿಸೆಂಬರಿನಲ್ಲಿ ಮೊದಲ ಮನೆಯ ಮುಂದೆ ನಿಂತು ಹಾಡಿದರು. ಒಂದು ತಪ್ಪೂ ಆಗಲಿಲ್ಲ. ಆ ಮನೆಯ ಮುದುಕಿ ಕೊನೆಯವರೆಗೂ ಕೇಳಿ, ಇನ್ನೂ ಏನೋ ಬರಲಿದೆ ಎಂಬಂತೆ ಕಾದು ನಿಂತರು. ಆಮೇಲೆ ಕೇಳಿದರು: "ನಮ್ ಮನಿ ಹೆಸರು ತಗೊಳ್ಳಲಿಲ್ಲಲ್ಲವಾ ಸುಂದ್ರಿ?"

ಸುಂದ್ರಮ್ಮ ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದುಕೊಂಡು ಹೋದರು.

"ಟೀಚರ್, ಸಿಟ್ಟಿಗೇಳಬ್ಯಾಡ್ರಿ. ನಮ್ಮ ಹಾಡಿನಾಗ ಆ ಮನಿಯವರ ಹೆಸರು ಹಾಕ್ತೀವ್ರಿ. ಒಳಗ ಯಾರ್ ಅದಾರ, ಯಾರ್ ಊರಿಗಿ ಹೋಗ್ಯಾರ, ಯಾರಿಗಿ ಕೂಸು ಹುಟ್ಟ್ಯಾದ, ಎಲ್ಲಾ. ಹೆಸರು ಉದ್ದ ಇದ್ರ ಹಾಡು ಉದ್ದ ಆಗ್ತದ. ನೀವ್ ಕಲಿಸಿದ್ದು ಭಾಳ ಚಂದ ಅದ, ಖರೆ. ಆದ್ರ ಅದು ಎಲ್ಲಾ ತುಂಬ್ಯಾದ್ರಿ. ಹೆಸರು ಹಾಕ್ಲಿಕ್ಕಿ ಜಾಗಾನೇ ಇಲ್ಲ."

ಹಿಂದಿನ ವರ್ಷ ನಾನು ಅಷ್ಟೂ ಮನೆಗಳ ಮುಂದೆ ನಿಂತಿದ್ದೆ. ರಾಗ ಕೇಳಿದ್ದೆ, ತಾಳ ಎಣಿಸಿದ್ದೆ, ಹೆಸರುಗಳನ್ನು ಕೇಳಿಸಿಕೊಂಡಿರಲಿಲ್ಲ. ವರ್ಷವಿಡೀ ಗೋದಾಮಿನಲ್ಲಿ, ಕಟ್ಟಡದ ಮೇಲೆ ದುಡಿಯುವವರು. ಒಬ್ಬರ ಮುಖ ಒಬ್ಬರು ನೋಡುವುದು ಅಪರೂಪ. ಯಾರು ಇದ್ದಾರೆ, ಯಾರು ಇಲ್ಲ ಎಂದು ಗಟ್ಟಿಯಾಗಿ ಹೇಳಿಕೊಳ್ಳಲು ಅವರಿಗೆ ಇದ್ದ ದಿನ ಅದೊಂದೇ. ನಾನು ಅದನ್ನು ಅಚ್ಚುಕಟ್ಟು ಮಾಡಲು ಹೋಗಿದ್ದೆ.

"ನಿಮ್ಮದೇ ಹಾಡಿ ಸುಂದ್ರಮ್ಮ," ಎಂದೆ. ಅವರು ಮರಳಿ ಅದೇ ಬಾಗಿಲಿಗೆ ಹೋಗಿ ಢೋಲಕ್ಕಿನವನಿಗೆ ಕಣ್ಸನ್ನೆ ಮಾಡಿದರು. ಮುದುಕಿಯ ಹೆಸರು, ಮಗನ ಹೆಸರು, ಆ ವರ್ಷ ಹುಟ್ಟಿದ ಮೊಮ್ಮಗಳ ಹೆಸರು, ಎಲ್ಲ ಆ ಹಾಡಿನಲ್ಲಿ ಬಂದವು. ನನ್ನ ಕೈಗೆ ಒಂದು ಜೊತೆ ತಾಳ ಕೊಟ್ಟರು. ಕೊನೆಯ ಮನೆಯ ಮುಂದೆ ಸುಂದ್ರಮ್ಮ ನನ್ನ ಹೆಸರನ್ನೂ, ಡೊಂಬಿವಲಿಯನ್ನೂ ಸೇರಿಸಿ ಹಾಡಿದರು. ಸಂಗೀತ ಪರೀಕ್ಷೆಯಲ್ಲಿ ಪಾಸಾದಾಗಲೂ ನನಗೆ ಅಂಥ ಸಂಕೋಚ, ಸಂತೋಷ ಒಟ್ಟಿಗೆ ಆಗಿರಲಿಲ್ಲ.

ಸಿಸ್ಟರ್ ಬೆನಡಿಕ್ಟಾ ವರ್ಗವಾಗಿ ಹೋದರು. ಹಿಲರಿ ಸರ್ ವಯಸ್ಸಾಗಿ ತೀರಿಕೊಂಡರು. ಆಮೇಲೆ ಬಂದ ಪ್ರಿನ್ಸಿಪಾಲರು ಚುರುಕಾದವರು, ಎಲ್ಲಕ್ಕೂ ಸ್ಕ್ರೀನ್ ಬೇಕು ಎನ್ನುವವರು. ಹಾರ್ಮೋನಿಯಂ ಮೂಲೆಗೆ ಹೋಯಿತು. ಪೆನ್‌ಡ್ರೈವ್‌ನಲ್ಲಿ ಸಿದ್ಧವಾದ ವಾದ್ಯಸಂಗೀತ ಬಂತು, ಅದರ ಮೇಲೆ ಮಕ್ಕಳು ಹಾಡಬೇಕು. ಅದರಲ್ಲಿ ವಯೊಲಿನ್‌ಗಳಿದ್ದವು, ಗಂಟೆಗಳಿದ್ದವು, ಕೇಳಲು ಭರ್ಜರಿ. ಮಕ್ಕಳು ಒಂದು ಕ್ಷಣ ತಡವರಿಸಿದರೆ ಅದು ಕಾಯುತ್ತಿರಲಿಲ್ಲ, ಮುಂದೆ ಹೋಗಿಬಿಡುತ್ತಿತ್ತು. "ಮೇಡಂ, ಇದು ಮಕ್ಕಳ ಮಾತು ಕೇಳುವುದಿಲ್ಲ" ಎಂದೆ. "ಮಕ್ಕಳು ಅದರ ಮಾತು ಕೇಳಲಿ" ಎಂದರು. ವಾದಿಸಿದೆ, ಸೋತೆ. ಆದರೆ ಒಂದನ್ನು ಒಪ್ಪಿಕೊಳ್ಳಬೇಕು. ದನಿಯೇ ಹೊರಡದ ಕೆಲವು ನಾಚಿಕೆಯ ಮಕ್ಕಳು ಆ ಗದ್ದಲದ ಮರೆಯಲ್ಲಿ ಮೊದಲ ಸಲ ಗಟ್ಟಿಯಾಗಿ ಹಾಡಿದ್ದನ್ನು ನಾನು ಕಂಡಿದ್ದೇನೆ. ಹೊಸ ಪದ್ಧತಿಯನ್ನು ಪೂರ್ತಿ ಬೈಯಲು ಮನಸ್ಸು ಬರುವುದಿಲ್ಲ.

ಲಾಕ್‌ಡೌನ್ ವರ್ಷ ಪ್ರತಿಯೊಬ್ಬರೂ ಮನೆಯಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ತಮ್ಮ ಸಾಲು ಹಾಡಿ ಕಳಿಸಿದರು. ಯಾರೋ ಅದನ್ನೆಲ್ಲ ಸೇರಿಸಿ ಚೌಕ ಚೌಕದ ವಿಡಿಯೋ ಮಾಡಿದರು. ಸ್ವರ, ಲಯ ಎರಡೂ ಸರಿಯಾಗಿದ್ದವು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಫೋನ್ ಮಾಡಿ, "ಮಿಸ್, ವಿಡಿಯೋ ಅಚ್ಛಾ ಹೈ. ಪರ್ ಹಮ್ ತೋ ಮಿಲೇ ಹೀ ನಹೀ" ಎಂದಳು. ನಾವು ಸೇರಲೇ ಇಲ್ಲವಲ್ಲ ಎಂದು. ನಾನು ಅದೇ ಕೊರತೆಯನ್ನು ಮಾತಿಗೆ ತರಲು ಒದ್ದಾಡುತ್ತಿದ್ದೆ, ಅವಳು ಒಂದೇ ಸಾಲಿನಲ್ಲಿ ಹೇಳಿದ್ದಳು.

ನಿವೃತ್ತಿಯ ನಂತರ ನಾನು ತಮ್ಮನ ಮನೆಗೆ, ಖಾರಘರಕ್ಕೆ ಬಂದೆ. ಬೆಟ್ಟದ ಬುಡದಲ್ಲಿ ಎತ್ತರದ ಕಟ್ಟಡಗಳ ವಸತಿ ಸೊಸೈಟಿ. ನೋಟಿಸ್ ಬೋರ್ಡಿನಲ್ಲಿ ಕ್ಯಾರಲ್ ಗುಂಪಿಗೆ ಹಾಡುವವರು ಬೇಕೆಂದು ಬರೆದಿತ್ತು. ಕಲಿಸಲು ಕರೆಯುತ್ತಾರೆ ಎಂಬ ಆಸೆಯಲ್ಲೇ ಹೋದೆ. ಇಪ್ಪತ್ತೆರಡು ಜನ, ಅವರಲ್ಲಿ ಕ್ರೈಸ್ತರು ಐದೇ ಮಂದಿ. ಕಲಿಸುವವನು ರೋಶನ್ ಎಂಬ ಹಲ್ಲಿನ ಡಾಕ್ಟರ್, ನನ್ನ ಅರ್ಧ ವಯಸ್ಸಿನವನು. ನನ್ನನ್ನು ಎರಡನೆಯ ದನಿಯ ಸಾಲಿನಲ್ಲಿ ನಿಲ್ಲಿಸಿದ. ಹತ್ತು ನಿಮಿಷ ಕೇಳಿ, ಬಹಳ ವಿನಯದಿಂದ, "ಆಂಟಿ, ಥೋಡಾ ಕಮ್, ಸ್ವಲ್ಪ ಮೆಲ್ಲಗೆ. ನಿಮ್ಮದೇ ಕೇಳಿಸುತ್ತಿದೆ" ಎಂದ.

ನನ್ನ ದನಿ ಎದ್ದು ಕೇಳಬೇಕು ಎಂದು ಹದಿನೈದು ವರ್ಷ ಗುರುಗಳ ಮುಂದೆ ಸಾಧನೆ ಮಾಡಿದವಳು ನಾನು. ಮನೆಗೆ ಹೋಗಿಬಿಡೋಣ ಎನಿಸಿತು. ಹೋಗಲಿಲ್ಲ. ಮಕ್ಕಳಿಗೆ ಇಷ್ಟು ವರ್ಷ ನಾನು ಹೇಳಿದ್ದೂ ಅದನ್ನೇ. ಹೇಳುವಾಗ ಅದು ಎಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ಪಕ್ಕದಲ್ಲಿ ನಿಲ್ಲುತ್ತಿದ್ದವಳು ಮೇಘನಾ, ಧಾರವಾಡದ ಹುಡುಗಿ, ಐಟಿ ಕಂಪನಿಯಲ್ಲಿ ಕೆಲಸ. ನನ್ನ ಹಳೆಯ ಪ್ರಶ್ನೆಯನ್ನು ಅವಳನ್ನೂ ಕೇಳಿದೆ. "ನೀನು ಯಾಕೆ ಬರುತ್ತೀಯಮ್ಮ? ನಿನಗೆ ಹಬ್ಬವಲ್ಲ, ಹಾಡೂ ಪೂರ್ತಿ ಸಿಗುವುದಿಲ್ಲ."

"ದಿನಾ ಆಫೀಸ್ ಮೀಟಿಂಗಿನಾಗ ಕ್ಯಾಮೆರಾ ಆಫ್, ಮೈಕ್ ಆಫ್ ಮಾಡಿ ಕೂತಿರ್ತೀನಿ ಆಂಟಿ. ನಾ ಇದ್ರೂ ನಡೀತದ, ಇರದಿದ್ರೂ ನಡೀತದ. ಇಲ್ಲಿ ಹಂಗಲ್ಲ ನೋಡ್ರಿ," ಎಂದಳು.

ಕಾರ್ಯಕ್ರಮ ಸೊಸೈಟಿಯ ತೋಟದಲ್ಲಿ, ಸಂಜೆ ಆರಕ್ಕೆ. ಕೊನೆಯ ಹಾಡಿಗೆ ವಾದ್ಯವಿರಲಿಲ್ಲ, ಬರೀ ಕಂಠ. ಅದರಲ್ಲಿ ಎರಡನೆಯ ದನಿಗೆ ಒಂದು ಉದ್ದವಾದ ಸಾಲು, ನಡುವೆ ಎಲ್ಲೂ ಕಡಿಯಬಾರದು. ಮೊದಲಿನಿಂದಲೂ ನನಗೆ ಅದರದ್ದೇ ಹೆದರಿಕೆ. ಅರವತ್ತು ದಾಟಿದ ಮೇಲೆ ದಮ್ಮು ಮೊದಲಿನ ಹಾಗಿಲ್ಲ. ಒಬ್ಬಳೇ ಹಾಡುವಾಗ ಉಸಿರು ಸಾಲದಿದ್ದರೆ ಸಾಲು ಮುರಿಯಿತೆಂದೇ ಅರ್ಥ, ಅದನ್ನು ಮುಚ್ಚಿಡಲು ಎಷ್ಟೋ ಉಪಾಯ ಕಲಿತಿದ್ದೆ. ಹಾಡಿಗೆ ಮುಂಚೆ ನಾನು ಎದೆ ಹಿಡಿದು ನಿಂತದ್ದನ್ನು ಮೇಘನಾ ನೋಡಿದಳು.

"ಹೆದರಬ್ಯಾಡ್ರಿ ಆಂಟಿ," ಎಂದು ಕಿವಿಯ ಹತ್ತಿರ ಪಿಸುಗುಟ್ಟಿದಳು. "ಸಾಕಾತು ಅನ್ನಿಸಿದ್ರ ನೀವು ಉಸಿರು ತಗೋರಿ. ನಾ ಹಿಡ್ಕೊಂಡಿರ್ತೀನಿ. ಆಮ್ಯಾಲೆ ನಾ ತಗೋತೀನಿ, ನೀವು ಹಿಡೀರಿ."

ಹಾಡು ಶುರುವಾಯಿತು. ಆ ಉದ್ದದ ಸಾಲು ಬಂತು. ಮೂರನೆಯ ಪದಕ್ಕೆ ನನ್ನ ಉಸಿರು ಮುಗಿಯಿತು. ಬಾಯಿ ಮುಚ್ಚಿದೆ. ಸಾಲು ನಿಲ್ಲಲಿಲ್ಲ. ನನ್ನ ಎಡಭುಜದ ಪಕ್ಕದಲ್ಲಿ, ಒಂದಿಷ್ಟೂ ಅಲುಗದೆ, ಅದೇ ಗಾಂಧಾರದಲ್ಲಿ ಅದು ಮುಂದೆ ಹೋಗುತ್ತಿತ್ತು. ನಾನು ನಿಧಾನವಾಗಿ, ಎದೆ ತುಂಬುವಷ್ಟು, ಉಸಿರು ತೆಗೆದುಕೊಂಡೆ. ಆ ಸ್ವರದ ನಡುವೆಯೇ ಮೆಲ್ಲಗೆ ಒಳಗೆ ಸೇರಿ, ಅವಳ ಕೈ ಮುಟ್ಟಿದೆ. ಈಗ ಅವಳು ಬಾಯಿ ಮುಚ್ಚಿದಳು.